ಬೇಲಿಯೊಳಗಿನ ಪ್ರಾಣಿ ಯಾರದ್ದು, ಅದರ ದುಡ್ಡು ಯಾರಿಗೆ?

ಓದುಗರ ಪ್ರಶ್ನೆ: ಮುಂದಿನ ವರ್ಷ ಗೆಳೆಯರ ಜೊತೆ ಕೀನ್ಯಾದ ಮಸಾಯಿ ಮಾರಾಗೆ ಹೋಗಬೇಕು ಅಂತಿದ್ದೇವೆ. ಟೂರ್‌ನವರು ಎರಡು ಪ್ಯಾಕೇಜ್ ಕೊಟ್ಟಿದ್ದಾರೆ. ಒಂದರಲ್ಲಿ ಸರ್ಕಾರಿ ಮೀಸಲು ಪ್ರದೇಶದ ಪಕ್ಕದ ಲಾಡ್ಜ್. ಇನ್ನೊಂದರಲ್ಲಿ ಖಾಸಗಿ ಜಮೀನಿನಲ್ಲಿರುವ 'ಕನ್ಸರ್ವೆನ್ಸಿ', ಅಂದರೆ ಕಾಡುಪ್ರಾಣಿಗಳಿಗೆ ಅಂತ ಬಿಟ್ಟ ಜಾಗ. ಎರಡನೆಯದು ತುಂಬಾ ದುಬಾರಿ. ಯಾಕೆ ಅಂತ ಕೇಳಿದರೆ, 'ಆಫ್ರಿಕಾದಲ್ಲಿ ಕಾಡುಪ್ರಾಣಿ ಉಳಿಸ್ತಿರೋದೇ ಖಾಸಗಿ ಜಮೀನು, ನಿಮ್ಮ ದುಡ್ಡು ನೇರವಾಗಿ ಅದಕ್ಕೇ ಹೋಗುತ್ತೆ' ಅಂತಾರೆ. ಇದು ನಿಜವಾ, ಬರೀ ವ್ಯಾಪಾರದ ಮಾತಾ? ನಿಜ ಆಗಿದ್ದರೆ, ನಮ್ಮ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಆನೆ ಬಂದಾಗ ನಮಗೆ ಬರೀ ನಷ್ಟ ಆಗೋದು ಯಾಕೆ?

ಉತ್ತರ: ನಿಮ್ಮ ಟೂರ್‌ನವರ ಮಾತು ಮಾರಾದ ಮಟ್ಟಿಗೆ ಬಹುಪಾಲು ನಿಜ. ಆದರೆ ಇಡೀ ಆಫ್ರಿಕಾಗೆ ಅದನ್ನೇ ಹೇಳಿದರೆ ತಪ್ಪಾಗುತ್ತದೆ. ಕೆಲವು ಕಡೆ ಖಾಸಗಿ ಜಮೀನು ಅಳಿದೇಹೋಗುತ್ತಿದ್ದ ಪ್ರಾಣಿಗಳನ್ನು ಉಳಿಸಿದೆ. ಕೆಲವು ಕಡೆ ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆ ಒಂದೆರಡು ವರ್ಷದಲ್ಲೇ ಕುಸಿದಿದೆ. ಈ ವ್ಯತ್ಯಾಸಕ್ಕೆ ಕಾರಣ ಜಮೀನಿನ ಪತ್ರ ಯಾರ ಹೆಸರಲ್ಲಿದೆ ಅನ್ನುವುದಲ್ಲ. ಪ್ರಾಣಿಯಿಂದ ಬರುವ ದುಡ್ಡು ಪ್ರಾಣಿಯ ಕಾಟ ಸಹಿಸಿಕೊಳ್ಳುವವರ ಕೈಗೆ ಸೇರುತ್ತದಾ ಇಲ್ಲವಾ ಅನ್ನುವುದೇ ಕಾರಣ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಮೊದಲು ಖರ್ಚಿನ ಲೆಕ್ಕ ನೋಡೋಣ. ಸಿಂಹಗಳಿರುವ ಆಫ್ರಿಕಾದ ಸಂರಕ್ಷಿತ ಪ್ರದೇಶಗಳನ್ನು ಸರಿಯಾಗಿ ನೋಡಿಕೊಳ್ಳಲು ಎಷ್ಟು ಹಣ ಬೇಕು ಅಂತ 2018ರಲ್ಲಿ ಸಂಶೋಧಕರು ಲೆಕ್ಕ ಹಾಕಿದ್ದರು. ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ 1,000ದಿಂದ 2,000 ಡಾಲರ್ ಬೇಕು. ಒಟ್ಟು ಮೊತ್ತ ವರ್ಷಕ್ಕೆ 120 ಕೋಟಿಯಿಂದ 240 ಕೋಟಿ ಡಾಲರ್. ಸಿಗುತ್ತಿದ್ದದ್ದು ಸುಮಾರು 38 ಕೋಟಿ ಡಾಲರ್ ಮಾತ್ರ. ಆಸ್ಪತ್ರೆಗೆ, ಶಾಲೆಗೆ ದುಡ್ಡು ಹೊಂದಿಸಲು ಒದ್ದಾಡುವ ಸರ್ಕಾರಗಳು ಈ ಕೊರತೆ ತುಂಬುತ್ತವೆ ಅಂತ ಕಾಯುವುದು ನ್ಯಾಯವೂ ಅಲ್ಲ, ಆಗುವ ಮಾತೂ ಅಲ್ಲ. ಹಾಗಾಗಿ 'ಪ್ರಾಣಿಯೇ ತನ್ನ ಖರ್ಚು ತಾನೇ ದುಡಿಯಲಿ' ಅನ್ನುವ ಯೋಚನೆಗೆ ಅಲ್ಲಿ ಅಷ್ಟು ಬಲ ಬಂದಿದ್ದು.

ಈ ಯೋಚನೆಯನ್ನು ಎಲ್ಲರಿಗಿಂತ ಮುಂದಕ್ಕೆ ತಗೊಂಡು ಹೋಗಿದ್ದು ದಕ್ಷಿಣ ಆಫ್ರಿಕಾ. ಅಲ್ಲಿನ ಹಳೆಯ ಕಾನೂನಿನ ಪ್ರಕಾರ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ. ಯಾರು ಹಿಡಿದರೆ ಅವರದ್ದು. ರೈತನ ಹುಲ್ಲು ಮೇಯುವ ಚಿಗರೆ ಪಕ್ಕದ ಜಮೀನಿಗೆ ಹಾರಿದರೆ ಇವನಿಗೆ ಅದರ ಮೇಲೆ ಹಕ್ಕಿಲ್ಲ. ಅಂಥ ಪ್ರಾಣಿಗೆ ಯಾರು ತಾನೇ ಹುಲ್ಲು ಬಿಡುತ್ತಾರೆ? 1991ರ ಕಾಯ್ದೆ ಇದನ್ನು ಬದಲಿಸಿತು. ಜಮೀನಿಗೆ ಸರಿಯಾದ ಬೇಲಿ ಹಾಕಿ, ಅಧಿಕಾರಿಗಳಿಂದ ಅದಕ್ಕೆ ಪ್ರಮಾಣಪತ್ರ ತಗೊಂಡರೆ ಒಳಗಿನ ಪ್ರಾಣಿ ಮಾಲೀಕನದ್ದೇ. ತಪ್ಪಿಸಿಕೊಂಡು ಹೊರಗೆ ಹೋದರೂ ಹಕ್ಕು ಹೋಗುವುದಿಲ್ಲ. ಅಲ್ಲಿನ ಹೆದ್ದಾರಿಯಲ್ಲಿ ಹೋಗುವಾಗ ಮೈಲಿಗಟ್ಟಲೆ ಕಾಣುವ, ಆಳೆತ್ತರಕ್ಕೂ ಮೇಲೆ ನಿಂತ, ಸಾಲು ಸಾಲು ತಂತಿಯ ಬೇಲಿಗಳಿಗೆ ಕಾರಣ ಇದೇ ಕಾನೂನು.

ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಈಗ ಅಲ್ಲಿ ಸುಮಾರು 9,000 ಖಾಸಗಿ ವನ್ಯಜೀವಿ ಫಾರಂಗಳಿವೆ. ಅವುಗಳ ಒಟ್ಟು ವಿಸ್ತೀರ್ಣ ಸುಮಾರು 1.7 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಸರ್ಕಾರದ ಸಂರಕ್ಷಿತ ಪ್ರದೇಶಗಳನ್ನೆಲ್ಲ ಸೇರಿಸಿದರೂ ಇದರ ಅರ್ಧದಷ್ಟೂ ಆಗುವುದು ಕಷ್ಟ. ಒಂದು ಕಾಲದಲ್ಲಿ ದನ, ಕುರಿ ಮೇಯುತ್ತಿದ್ದ ಬರಡು ಹುಲ್ಲುಗಾವಲುಗಳಲ್ಲಿ ಈಗ ಚಿಗರೆ, ಜೀಬ್ರಾ, ಜಿರಾಫೆ ಮೇಯುತ್ತಿವೆ. ಇದಕ್ಕೂ ಹಳೆಯ ಉದಾಹರಣೆಗಳಿವೆ. ಬಾಂಟೆಬಾಕ್ ಅನ್ನುವ ಚಿಗರೆ ಒಂದು ಹಂತದಲ್ಲಿ ಬರೀ 17 ಉಳಿದಿತ್ತು. ಅದು ಪೂರ್ತಿ ಅಳಿಯದಂತೆ 19ನೇ ಶತಮಾನದಲ್ಲೇ ತಡೆದಿದ್ದು ಕೆಲವು ರೈತ ಕುಟುಂಬಗಳ ಜಮೀನು. ಕಪ್ಪು ವಿಲ್ಡೆಬೀಸ್ಟ್ ಅನ್ನುವ ದೊಡ್ಡ ಚಿಗರೆ ಉಳಿದಿದ್ದೂ ಹಾಗೆಯೇ. ಮಧ್ಯಪ್ರದೇಶದ ಕುನೋಗೆ 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳು ಬಂದವಲ್ಲ, ಅವುಗಳಲ್ಲೂ ಹಲವು ಬಂದಿದ್ದು ಬೇಲಿ ಹಾಕಿದ ಖಾಸಗಿ ಮೀಸಲುಗಳಿಂದ. ಅಲ್ಲಿ ಚೀತಾಗಳನ್ನು ಒಂದು ಬೇಲಿಯಿಂದ ಇನ್ನೊಂದಕ್ಕೆ ಸಾಗಿಸಿ, ರಕ್ತಸಂಬಂಧ ಹತ್ತಿರವಾಗದಂತೆ ನೋಡಿಕೊಂಡು ಸಂಖ್ಯೆ ಬೆಳೆಸುತ್ತಾರೆ.

ಬಿಳಿ ಘೇಂಡಾಮೃಗದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಖಾಸಗಿ ಮಾಲೀಕತ್ವದ ಶಕ್ತಿ, ಮಿತಿ ಎರಡೂ ಅದರಲ್ಲೇ ಕಾಣುತ್ತವೆ.

19ನೇ ಶತಮಾನದ ಕೊನೆಗೆ ದಕ್ಷಿಣದ ಬಿಳಿ ಘೇಂಡಾಮೃಗಗಳು ನೂರಕ್ಕಿಂತ ಕಡಿಮೆ ಉಳಿದಿದ್ದವು. ಅವೂ ಇದ್ದದ್ದು ಈಗಿನ ಹ್ಲುಹ್ಲುವೆ-ಇಂಫೊಲೋಜಿ ಪಾರ್ಕ್‌ನ ಜಾಗದಲ್ಲಿ ಮಾತ್ರ. ಅವುಗಳನ್ನು ಕಾಪಾಡಿ ಬೆಳೆಸಿದ್ದು ಸರ್ಕಾರಿ ಪಾರ್ಕ್. ಇದನ್ನು ಮರೆಯಬಾರದು. 1960ರ ದಶಕದಲ್ಲಿ ಅಲ್ಲಿನ ಅಧಿಕಾರಿ ಇಯಾನ್ ಪ್ಲೇಯರ್ ಮತ್ತು ಅವರ ಜೊತೆಗಾರರು ಮದ್ದಿನ ಬಾಣದಿಂದ ಪ್ರಾಣಿಗಳನ್ನು ಮಂಪರುಗೊಳಿಸಿ ಬೇರೆ ಕಡೆ ಸಾಗಿಸಲು ಶುರು ಮಾಡಿದರು. ಬೇರೆ ಪಾರ್ಕ್‌ಗಳಿಗೆ, ಮೃಗಾಲಯಗಳಿಗೆ, ಖಾಸಗಿ ಜಮೀನುಗಳಿಗೆ ಅವು ಹೋದವು. ಮೊದಮೊದಲು ಪಾರ್ಕ್‌ನವರು ಖಾಸಗಿಯವರಿಗೆ ತೀರಾ ಕಡಿಮೆ ಬೆಲೆ ಕಟ್ಟಿ ಮಾರುತ್ತಿದ್ದರು. ಜನ ಕೊಂಡು ಸಾಕಲಿ ಅಂತ ಒಳ್ಳೆಯ ಉದ್ದೇಶ. ಆದರೆ ಆಗಿದ್ದೇ ಬೇರೆ. ಹೊರದೇಶದ ಬೇಟೆಗಾರ ಒಂದು ಘೇಂಡಾಮೃಗ ಹೊಡೆಯಲು ಕೊಡುತ್ತಿದ್ದ ದುಡ್ಡು, ಅದನ್ನು ಕೊಳ್ಳುವ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಸಾಕುವ ಬದಲು ತಂದು ಹೊಡೆಸುವುದೇ ಲಾಭವಾಗಿತ್ತು. 1980ರ ದಶಕದ ಕೊನೆಗೆ, ಆ ಪಾರ್ಕ್ ನೋಡಿಕೊಳ್ಳುತ್ತಿದ್ದ ನಟಾಲ್ ಪಾರ್ಕ್ಸ್ ಬೋರ್ಡ್ ಪ್ರಾಣಿಗಳನ್ನು ಹರಾಜಿನಲ್ಲಿ ಮಾರಲು ಶುರು ಮಾಡಿತು. ಬೆಲೆ ಜಿಗಿಯಿತು. ಆಮೇಲೆ 1991ರ ಕಾನೂನೂ ಬಂತು. ಆಗ ಮರಿ ಹಾಕುವ ಹೆಣ್ಣು ಘೇಂಡಾಮೃಗ ಒಂದು ಆಸ್ತಿಯಾಯಿತು. ಕೊಲ್ಲಿಸುವುದಕ್ಕಿಂತ ಸಾಕುವುದು ಲಾಭ. ಅದೇ ಜನ, ಅದೇ ಜಮೀನು, ಅದೇ ಪ್ರಾಣಿ. ಬದಲಾಗಿದ್ದು ಬೆಲೆ ಮತ್ತು ಹಕ್ಕು ಮಾತ್ರ. ಇವತ್ತು ದಕ್ಷಿಣ ಆಫ್ರಿಕಾದ ಬಿಳಿ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರದ ಹೊರಗಿನವರ ಕೈಯಲ್ಲಿವೆ.

ಇನ್ನು ಮಿತಿಯ ಮಾತು. ದಕ್ಷಿಣ ಆಫ್ರಿಕಾದಲ್ಲಿ 2007ರಲ್ಲಿ ಕಳ್ಳಬೇಟೆಗೆ ಸತ್ತ ಘೇಂಡಾಮೃಗಗಳು 13. 2014ರಲ್ಲಿ 1,215. ವಿಯೆಟ್ನಾಂ, ಚೀನಾದ ಕಡೆ ಕೊಂಬಿಗೆ ಬೇಡಿಕೆ ಏರಿದ ಪರಿಣಾಮ ಇದು. ಸಾಕುವವರ ಖರ್ಚು ರಾತ್ರೋರಾತ್ರಿ ಬದಲಾಯಿತು. ಬಂದೂಕು ಹಿಡಿದ ಕಾವಲುಗಾರರು, ನಾಯಿಗಳು, ಹೆಲಿಕಾಪ್ಟರ್, ರೇಡಾರ್ ಎಲ್ಲ ಬೇಕಾದವು. ಇದರ ಮೇಲೆ, ಕಳ್ಳಬೇಟೆಗಾರರಿಗೆ ಸಿಗದ ಹಾಗೆ ಮೊದಲೇ ಕೊಂಬು ಕತ್ತರಿಸುವ ಖರ್ಚು. ಆ ಕೆಲಸ ಹೀಗೆ ನಡೆಯುತ್ತದೆ. ಪಶುವೈದ್ಯರು ಮದ್ದಿನ ಬಾಣ ಹೊಡೆಯುತ್ತಾರೆ. ಪ್ರಾಣಿ ತೂರಾಡಿ ಮಂಡಿಯೂರಿದ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಬಟ್ಟೆ ತುರುಕುತ್ತಾರೆ. ಕೊಂಬು ಬೆಳೆಯುವ ಬುಡ ಬಿಟ್ಟು ಅದರ ಮೇಲೆ ಗೆರೆ ಎಳೆದು, ಗರಗಸದಲ್ಲಿ ಕೊಯ್ಯುತ್ತಾರೆ. ಕೊಂಬಲ್ಲಿರುವುದು ನಮ್ಮ ಉಗುರಿನಲ್ಲಿರುವ ಪದಾರ್ಥವೇ, ಹಾಗಾಗಿ ಪ್ರಾಣಿಗೆ ನೋವಾಗುವುದಿಲ್ಲ. ಕೆಳಗೆ ಬಿದ್ದ ಹುಡಿಯನ್ನೂ ಬಿಡದೆ ಗುಡಿಸಿ ಚೀಲಕ್ಕೆ ತುಂಬುತ್ತಾರೆ, ಯಾಕೆಂದರೆ ಅದಕ್ಕೂ ಕಳ್ಳ ಮಾರುಕಟ್ಟೆಯಲ್ಲಿ ಬೆಲೆ ಇದೆ. ಕೊಂಬನ್ನು ತೂಕ ಮಾಡಿ, ಮೈಕ್ರೋಚಿಪ್ ಹಾಕಿ, ಭದ್ರವಾದ ಜಾಗಕ್ಕೆ ಸಾಗಿಸುತ್ತಾರೆ. ಕೊಂಬು ಮತ್ತೆ ಬೆಳೆಯುತ್ತದೆ. ಒಂದೂವರೆ ಎರಡು ವರ್ಷಕ್ಕೆ ಇದೆಲ್ಲ ಮತ್ತೆ ಮೊದಲಿಂದ.

ಜಾನ್ ಹ್ಯೂಮ್ ಅನ್ನುವ ಉದ್ಯಮಿ ಹೀಗೆ ಘೇಂಡಾಮೃಗ ಸಾಕಿ ಕೊಂಬು ಕತ್ತರಿಸಿಡುವ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದರು. ಕೊಂಬನ್ನು ಮುಂದೊಂದು ದಿನ ಕಾನೂನುಬದ್ಧವಾಗಿ ಮಾರಬಹುದು, ಆ ದುಡ್ಡಲ್ಲಿ ಸಾಕಣೆ ನಡೆಯುತ್ತದೆ ಅನ್ನುವುದು ಅವರ ನಂಬಿಕೆ. ದೇಶದೊಳಗಿನ ಮಾರಾಟದ ನಿಷೇಧ 2017ರಲ್ಲಿ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಗಿ ಬಿದ್ದೂಹೋಯಿತು. ಆದರೆ ದೇಶದೊಳಗೆ ಕೊಳ್ಳುವವರೇ ಇಲ್ಲ. ಅಂತರರಾಷ್ಟ್ರೀಯ ವ್ಯಾಪಾರ 1977ರಿಂದ ನಿಷಿದ್ಧ. ಕೊನೆಗೆ ಸುಮಾರು 2,000 ಘೇಂಡಾಮೃಗಗಳಿದ್ದ, 7,800 ಹೆಕ್ಟೇರಿನ ಆ ಫಾರಂ 2023ರಲ್ಲಿ ಆನ್‌ಲೈನ್ ಹರಾಜಿಗೆ ಬಂತು. ಮೂಲ ಬೆಲೆ ಒಂದು ಕೋಟಿ ಡಾಲರ್. ಒಬ್ಬರೂ ಕೂಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಪಾರ್ಕ್ಸ್ ಅನ್ನುವ ಲಾಭರಹಿತ ಸಂಸ್ಥೆ ದಾನಿಗಳ ನೆರವಿನಿಂದ ಅದನ್ನು ಕೊಂಡಿತು. ಈಗ ಅಲ್ಲಿನ ಪ್ರಾಣಿಗಳನ್ನು ಹತ್ತು ವರ್ಷದಲ್ಲಿ ಬೇರೆ ಬೇರೆ ಕಾಡುಗಳಿಗೆ ಬಿಡುವ ಕೆಲಸ ನಡೆದಿದೆ. 2024ರಲ್ಲಿ 120 ಪ್ರಾಣಿಗಳು ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಖಾಸಗಿ ಮೀಸಲುಗಳಿಗೆ ಹೋದವು.

ಇದರಿಂದ ಕಲಿಯುವುದಿದೆ. ಒಬ್ಬ ಮಾಲೀಕ ಎಷ್ಟೇ ಪ್ರಾಣಿ ಬೆಳೆಸಿದರೂ, ಆದಾಯಕ್ಕೆ ಒಂದೇ ದಾರಿ ಇದ್ದು ಅದು ಮುಚ್ಚಿದರೆ, ಹೊಟ್ಟೆಗೆ ಹಾಕಲು ದುಡ್ಡಿಲ್ಲದ ದೊಡ್ಡ ಹಿಂಡು ಮಾತ್ರ ಉಳಿಯುತ್ತದೆ. ಲಾಭವೇ ಗುರಿಯಾದಾಗ ಬೇರೆ ಅಡ್ಡದಾರಿಗಳೂ ಹುಟ್ಟುತ್ತವೆ. ಹೊಂಬಣ್ಣದ ವಿಲ್ಡೆಬೀಸ್ಟ್, ಕಪ್ಪು ಇಂಪಾಲ ಅಂತ ವಿಚಿತ್ರ ಬಣ್ಣದ ತಳಿಗಳಿಗೆ ಅಲ್ಲಿ ಕೆಲವು ವರ್ಷ ಹುಚ್ಚು ಬೆಲೆ ಬಂತು, ಆಮೇಲೆ ಮಾರುಕಟ್ಟೆ ಕುಸಿಯಿತು. ಆ ಸಾಕಣೆಯಿಂದ ಕಾಡಿಗೆ ಏನೂ ಸಿಗಲಿಲ್ಲ. ಬೋನಿನಲ್ಲಿ ಸಾವಿರಾರು ಸಿಂಹ ಸಾಕಿ, ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ಬಿಟ್ಟು ಬೇಟೆಗಾರರಿಗೆ ಒಪ್ಪಿಸುವ ದಂಧೆಯನ್ನು ನಾನು ಸಂರಕ್ಷಣೆ ಅಂತ ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಅದನ್ನು ಹಂತ ಹಂತವಾಗಿ ನಿಲ್ಲಿಸುವ ನೀತಿಗೆ ಅಲ್ಲಿನ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಬೇಗ ಜಾರಿಗೆ ಬರಲಿ.

ಜಿಂಬಾಬ್ವೆಯ ಕಥೆ ಇನ್ನೂ ತೀಕ್ಷ್ಣ. ಅಲ್ಲಿ 1975ರ ಕಾನೂನೇ ಜಮೀನಿನ ಮಾಲೀಕನಿಗೆ ಕಾಡುಪ್ರಾಣಿಯಿಂದ ಆದಾಯ ಪಡೆಯುವ ಹಕ್ಕು ಕೊಟ್ಟಿತ್ತು. ಆಗ್ನೇಯ ಭಾಗದ ಒಣ ನಾಡಿನಲ್ಲಿ ದನ ಸಾಕುವ ದೊಡ್ಡ ದೊಡ್ಡ ಜಮೀನುಗಳಿದ್ದವು. 1991–92ರ ಬರಗಾಲದಲ್ಲಿ ದನಗಳು ಸತ್ತವು. ಸಾವೆ ಕಣಿವೆಯ ಜಮೀನ್ದಾರರು ತಮ್ಮ ನಡುವಿನ ಬೇಲಿಗಳನ್ನು ಕಿತ್ತರು, ದನಗಳನ್ನು ತೆಗೆದರು, ಸುಮಾರು 3,400 ಚದರ ಕಿಲೋಮೀಟರಿನ ಒಂದೇ ಕಾಡು ಮಾಡಿಕೊಂಡರು. ಕಾಡೆಮ್ಮೆಯಿಂದ ಹೊರಗಿನ ದನಗಳಿಗೆ ಕಾಲುಬಾಯಿ ಜ್ವರ ಹರಡಬಾರದು ಅಂತ ಸುತ್ತಲೂ ಜೋಡಿ ಬೇಲಿ ಹಾಕಿದರು. ಬರದಿಂದ ಸಾಯುತ್ತಿದ್ದ ಗೊನಾರೆಜೋ ಪಾರ್ಕ್‌ನ ನೂರಾರು ಆನೆಗಳನ್ನು, ಕುಟುಂಬ ಒಡೆಯದ ಹಾಗೆ, ಲಾರಿಗಳಲ್ಲಿ ತಂದು ಬಿಟ್ಟರು. ದೊಡ್ಡ ಆನೆಗಳನ್ನು ಹಾಗೆ ಗುಂಪಾಗಿ ಸಾಗಿಸಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದೇ ಅಲ್ಲಿ.

ದಕ್ಷಿಣದ ಬುಬೀ ಕಣಿವೆಯಲ್ಲೂ ಹೀಗೆಯೇ. ಹಳೆಯ ದನದ ಫಾರಂ 1994ರಲ್ಲಿ ವನ್ಯಜೀವಿ ನೆಲೆಯಾಯಿತು. 1999ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಸಿಂಹ ತಂದು ಬಿಟ್ಟರು. ಅವು ಹದಿನೈದು ವರ್ಷದಲ್ಲಿ ಕೆಲವು ನೂರಾದವು. ಇದಕ್ಕೆ ದುಡ್ಡು ಬಂದಿದ್ದು ಹೆಚ್ಚಾಗಿ ಟ್ರೋಫಿ ಬೇಟೆಯಿಂದ. ಶ್ರೀಮಂತ ಬೇಟೆಗಾರರು ದೊಡ್ಡ ಮೊತ್ತ ಕೊಟ್ಟು, ಮೊದಲೇ ಗೊತ್ತು ಮಾಡಿದ ಲೆಕ್ಕದಷ್ಟೇ ಪ್ರಾಣಿ ಹೊಡೆಯುತ್ತಾರೆ. ನಿಮಗೆ ಇದು ಕೇಳಲು ಕಷ್ಟ ಅನಿಸಬಹುದು, ನನಗೂ ಬೇಟೆ ಇಷ್ಟವಿಲ್ಲ. ಆದರೆ ಸುತ್ತಾಟಕ್ಕೆ ಬರುವ ನಮ್ಮಂಥವರಿಗೆ ವಿಮಾನ, ರಸ್ತೆ, ಒಳ್ಳೆಯ ಕ್ಯಾಂಪ್, ಕಣ್ಣಿಗೆ ಹಬ್ಬವಾಗುವ ಬಯಲು ಎಲ್ಲ ಬೇಕು. ಮುಳ್ಳು ಪೊದೆಯ, ಬಿಸಿಲು ಹೊಡೆಯುವ ಆ ನಾಡಿಗೆ ಯಾವ ಪ್ರವಾಸಿ ಹೋಗುತ್ತಾರೆ? ಬೇಟೆ ನಿಲ್ಲಿಸಿ ಅನ್ನುವವರು ಆ ಜಾಗಕ್ಕೆ ಬೇರೆ ಆದಾಯ ಎಲ್ಲಿಂದ ಅಂತ ಜೊತೆಗೇ ಹೇಳಬೇಕು. 2015ರಲ್ಲಿ ಹ್ವಾಂಗೆ ಪಾರ್ಕ್‌ನ ಹೊರಗೆ ಸೆಸಿಲ್ ಅನ್ನುವ ಸಿಂಹ ಬೇಟೆಗೆ ಬಲಿಯಾದಾಗ ಜಗತ್ತೆಲ್ಲ ಸಿಟ್ಟಾಯಿತು. ಬೇಟೆಗಾರರು ಹಿಂದೆ ಸರಿದರು. ಅದಕ್ಕೆ ಸಂಬಂಧವೇ ಇಲ್ಲದ ಬುಬೀಯಲ್ಲಿ ಸಿಂಹ ಜಾಸ್ತಿಯಾಗಿ ಏನು ಮಾಡುವುದು ಅನ್ನುವ ಸ್ಥಿತಿ ಬಂತು.

ಆದರೆ ಸಾವೆ ಕಣಿವೆಗೆ ದೊಡ್ಡ ಏಟು ಬಿದ್ದಿದ್ದು ಅದಕ್ಕೂ ಮುಂಚೆ, 2000ದಲ್ಲಿ. ಆ ಜಮೀನಿನ ಬಹುಪಾಲು ಬಿಳಿಯರ ಕೈಯಲ್ಲಿತ್ತು. ವಸಾಹತು ಕಾಲದಲ್ಲಿ ಅಲ್ಲಿಂದ ಎಬ್ಬಿಸಿದ ಕರಿಯರ ಮಕ್ಕಳು, ಮೊಮ್ಮಕ್ಕಳು ಬೇಲಿಯ ಆಚೆ ಕಿಕ್ಕಿರಿದ ಹಳ್ಳಿಗಳಲ್ಲಿದ್ದರು. ಸರ್ಕಾರ ಭೂಮಿ ವಶಪಡಿಸಿಕೊಳ್ಳುವ ಕಾರ್ಯಕ್ರಮ ಶುರು ಮಾಡಿದಾಗ ಸಾವೆಯ ದಕ್ಷಿಣ ಭಾಗಕ್ಕೆ ಜನ ನುಗ್ಗಿ ನೆಲೆಸಿದರು. ಪ್ರಾಣಿಗಳನ್ನು ಕಾಯಲು ಹಾಕಿದ್ದ ಬೇಲಿಯ ತಂತಿಯನ್ನೇ ಕತ್ತರಿಸಿ ಉರುಳು ಮಾಡಿದರು. ಕಾವಲುಗಾರರು ಆಮೇಲಿನ ವರ್ಷಗಳಲ್ಲಿ ಕಿತ್ತು ತಂದ ಉರುಳುಗಳು ಸಾವಿರಾರು. 2012ರಲ್ಲಿ ಅಧಿಕಾರಕ್ಕೆ ಹತ್ತಿರ ಇದ್ದ ಕೆಲವರಿಗೆ ಅಲ್ಲಿ ಬೇಟೆ ಪರವಾನಗಿ ಸಿಕ್ಕಿದವು. ದೇಶದ ಉಳಿದ ಕಡೆಯ ಸಣ್ಣ ವನ್ಯಜೀವಿ ಫಾರಂಗಳಲ್ಲಿ ಬಹುಪಾಲು ಅಳಿಸಿಯೇ ಹೋದವು.

ನನ್ನ ಅಭಿಪ್ರಾಯ ಸ್ಪಷ್ಟ. ಅಲ್ಲಿ ಪ್ರಾಣಿ ಸತ್ತಿದ್ದು ಬರೀ ಕೆಟ್ಟ ಆಡಳಿತದಿಂದ ಅಲ್ಲ. ಬೇಲಿಯ ಆಚೆಗಿನವರಿಗೆ ಒಳಗಿನ ಪ್ರಾಣಿಯಿಂದ ಸಿಗುತ್ತಿದ್ದದ್ದು ತೀರಾ ಕಡಿಮೆ. ಹಸಿದವರ ಕಣ್ಣಿಗೆ ಅದು ತಮ್ಮ ಅಜ್ಜನ ಜಮೀನಿನಲ್ಲಿ ಮೇಯುವ ಬೇರೆಯವರ ಮಾಂಸ. ದಕ್ಷಿಣ ಆಫ್ರಿಕಾದಲ್ಲೂ ಈ ಗಾಯ ಹಾಗೇ ಇದೆ. 1913ರ ಭೂ ಕಾಯ್ದೆ ದೇಶದ ಬಹುಸಂಖ್ಯಾತ ಕರಿಯರಿಗೆ ಬಿಟ್ಟಿದ್ದು ಸುಮಾರು ಶೇ. 7ರಷ್ಟು ನೆಲ. ಇಂದಿನ ವನ್ಯಜೀವಿ ಫಾರಂಗಳಲ್ಲಿ ಹೆಚ್ಚಿನವು ಇನ್ನೂ ಬಿಳಿಯರವೇ. ದನದ ಫಾರಂ ವನ್ಯಜೀವಿ ಫಾರಂ ಆದಾಗ ಅಲ್ಲೇ ಹುಟ್ಟಿ ಬೆಳೆದ ಕೂಲಿಕಾರ ಕುಟುಂಬಗಳನ್ನು ಖಾಲಿ ಮಾಡಿಸಿದ್ದೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ಬರೀ ಘೇಂಡಾಮೃಗದ ಲೆಕ್ಕ ಕೊಡುವವರನ್ನು ನಂಬಬೇಡಿ.

ಇದೇ ಹಕ್ಕನ್ನು ಹಳ್ಳಿಯವರಿಗೆ ಕೊಟ್ಟರೆ? ನಮೀಬಿಯಾ ಅದನ್ನೇ ಮಾಡಿತು. ಅಲ್ಲಿ ಬಿಳಿಯ ಜಮೀನ್ದಾರರಿಗೆ 1970ರ ದಶಕದಲ್ಲೇ ಕಾಡುಪ್ರಾಣಿಯ ಆದಾಯದ ಹಕ್ಕಿತ್ತು. ಸ್ವಾತಂತ್ರ್ಯ ಬಂದ ಮೇಲೆ 1996ರ ತಿದ್ದುಪಡಿ ಅದೇ ಹಕ್ಕನ್ನು ಸಮುದಾಯದ ಜಮೀನಿನಲ್ಲಿ ಬದುಕುವ ಜನರಿಗೂ ಕೊಟ್ಟಿತು. ಮೊದಲ ನಾಲ್ಕು ಸಮುದಾಯ ಕನ್ಸರ್ವೆನ್ಸಿಗಳು 1998ರಲ್ಲಿ ನೋಂದಣಿಯಾದವು. ಈಗ 86 ಇವೆ, ದೇಶದ ಸುಮಾರು ಐದನೇ ಒಂದು ಭಾಗ ನೆಲ ಅವುಗಳಡಿ ಇದೆ. ಜಮೀನಿನ ಪತ್ರ ಇವರ ಹೆಸರಲ್ಲಿಲ್ಲ, ನೆಲ ಸರ್ಕಾರದ್ದೇ. ಆದರೂ ಕುನೆನೆಯ ಮರುಭೂಮಿಯಲ್ಲಿ ಬೇಲಿಯೇ ಇಲ್ಲದೆ ಕಪ್ಪು ಘೇಂಡಾಮೃಗಗಳು ಉಳಿದಿವೆ. ದಕ್ಷಿಣ ಆಫ್ರಿಕಾದ ಮಕುಲೆಕೆ ಜನರದ್ದೂ ಮರೆಯಬಾರದ ಉದಾಹರಣೆ. 1969ರಲ್ಲಿ ಕ್ರೂಗರ್‌ನ ಉತ್ತರ ತುದಿಯಿಂದ ಅವರನ್ನು ಬಲವಂತವಾಗಿ ಎಬ್ಬಿಸಿದ್ದರು. 1998ರಲ್ಲಿ ಜಮೀನು ವಾಪಸ್ ಸಿಕ್ಕಿತು. ಉಳುಮೆಗೆ ಇಳಿಯದೆ ಕಾಡಾಗಿಯೇ ಇಟ್ಟುಕೊಂಡು, ಲಾಡ್ಜ್‌ಗಳಿಗೆ ಗುತ್ತಿಗೆ ಕೊಟ್ಟರು. ಮಾಲೀಕರಾಗಿ ತೆಗೆದುಕೊಂಡ ನಿರ್ಧಾರ ಅದು.

ಈಗ ನಿಮ್ಮ ಮಾರಾಗೆ ಬರೋಣ. ಕೀನ್ಯಾದಲ್ಲಿ ದಾರಿ ಉಲ್ಟಾ. ಕಾಡುಪ್ರಾಣಿ ಸರ್ಕಾರದ್ದು, ಬೇಟೆ 1977ರಿಂದ ಪೂರ್ತಿ ನಿಷಿದ್ಧ. ಆದರೆ ಅಲ್ಲಿನ ಪ್ರಾಣಿಗಳಲ್ಲಿ ಮೂರನೇ ಎರಡರಷ್ಟು ಬದುಕುವುದು ಪಾರ್ಕ್‌ಗಳ ಹೊರಗೆ, ಜನರ ಜಮೀನಿನಲ್ಲಿ. ಆ ಜನರಲ್ಲಿ ಹೆಚ್ಚಿನವರಿಗೆ ಪ್ರಾಣಿಯಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ. 1977ರಿಂದ 2016ರೊಳಗೆ ಕೀನ್ಯಾದ ಹುಲ್ಲುಗಾವಲುಗಳಲ್ಲಿ ಕಾಡುಪ್ರಾಣಿ ಸುಮಾರು ಶೇ. 68ರಷ್ಟು ಕಡಿಮೆಯಾಯಿತು ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಇದಕ್ಕೆ ಜನಸಂಖ್ಯೆ, ಬರ, ಜಾನುವಾರು, ಬೇಲಿ ಎಲ್ಲವೂ ಕಾರಣ. ಮಾರಾದ ಉತ್ತರಕ್ಕೆ ಲೊಯಿಟಾ ಬಯಲಿನಲ್ಲಿ ವಿಲ್ಡೆಬೀಸ್ಟ್ ಮರಿ ಹಾಕುತ್ತಿದ್ದ ಜಾಗ ಗೋಧಿ ಹೊಲವಾಯಿತು.

ಮಾರಾದ ಸುತ್ತ, ದನ ಸಾಕಿ ಬದುಕುವ ಮಸಾಯಿ ಜನರ ಜಮೀನು ಮೊದಲು ಒಟ್ಟಾಗಿತ್ತು, 'ಗ್ರೂಪ್ ರ‍್ಯಾಂಚ್' ಅಂತ ಕರೆಯುತ್ತಿದ್ದರು. ಪ್ರವಾಸೋದ್ಯಮದ ದುಡ್ಡು ಬಂದರೂ ಅದು ಕೆಲವು ಮುಖಂಡರ ಕೈಯಲ್ಲೇ ಉಳಿಯುತ್ತಿತ್ತು. 2000ದ ದಶಕದಲ್ಲಿ ಈ ಜಮೀನನ್ನು ಹಂಚಿದರು. ಹಲವು ಕಡೆ ಒಂದೊಂದು ಕುಟುಂಬಕ್ಕೆ ಸುಮಾರು 150 ಎಕರೆ, ಕೈಗೆ ಹಕ್ಕುಪತ್ರ. ಎಲ್ಲರೂ ತಮ್ಮ ತುಂಡಿಗೆ ಬೇಲಿ ಹಾಕಿಬಿಡುತ್ತಾರೆ, ಇನ್ನು ಪ್ರಾಣಿಗಳ ಕಥೆ ಮುಗಿಯಿತು ಅಂತ ಹೆದರಿದವರೇ ಜಾಸ್ತಿ. ಆಗ ಕೆಲವು ಕ್ಯಾಂಪ್ ನಡೆಸುವವರು, ಅಕ್ಕಪಕ್ಕ ಜಮೀನಿರುವ ಮಸಾಯಿಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡರು. ನಿಮ್ಮ ಜಮೀನುಗಳನ್ನು ಸೇರಿಸಿ ಗುತ್ತಿಗೆಗೆ ಕೊಡಿ. ಬೇಲಿ ಬೇಡ, ಮನೆ ಬೇಡ, ದನ ಮೇಯಿಸಲು ಸರದಿ ಇರಲಿ. ನಾವು ಎಕರೆಗೆ ಇಷ್ಟು ಅಂತ ಕೊಡುತ್ತೇವೆ, ಪ್ರವಾಸಿಗರು ಬಂದರೂ ಬರದಿದ್ದರೂ. 2005ರಲ್ಲಿ ಓಲ್ ಕಿನ್ಯೇಯ್, 2006ರಲ್ಲಿ ಓಲಾರೆ ಒರೊಕ್, 2009ರಲ್ಲಿ ಮಾರಾ ನಾರ್ತ್, 2010ರಲ್ಲಿ ನಬೋಯಿಶೋ ಶುರುವಾದವು. ನಬೋಯಿಶೋ ಒಂದರಲ್ಲೇ ಸುಮಾರು 50,000 ಎಕರೆ, 500ಕ್ಕೂ ಜಾಸ್ತಿ ಜಮೀನುದಾರರು.

ಇದರ ಜಾಣತನ ಇರುವುದು ದುಡ್ಡು ಹಂಚುವ ರೀತಿಯಲ್ಲಿ. ಹಣ ಯಾವ ಮುಖಂಡನ ಮೂಲಕವೂ ಹೋಗುವುದಿಲ್ಲ. ಜಮೀನುದಾರನ ಬ್ಯಾಂಕ್ ಖಾತೆಗೆ ಅಥವಾ ಮೊಬೈಲ್‌ಗೆ ನೇರವಾಗಿ ಬೀಳುತ್ತದೆ. ಬರಗಾಲದಲ್ಲಿ ದನ ಸತ್ತರೂ ಆ ದುಡ್ಡು ಬರುತ್ತದೆ. ಒಂದು ಸಿಂಹ ಹಸು ಹಿಡಿದಾಗ ವಿಷ ಇಡುವ ಮುಂಚೆ ಮನೆಯವರು ಎರಡು ಸಲ ಯೋಚಿಸುವುದಕ್ಕೆ ಅದು ಸಾಕು. ಕನ್ಸರ್ವೆನ್ಸಿಗಳ ಒಳಗೆ ಸಿಂಹಗಳು ಚೆನ್ನಾಗಿ ಬೆಳೆದಿವೆ ಅನ್ನುವುದೂ ಅಧ್ಯಯನಗಳಲ್ಲಿ ಕಂಡಿದೆ.

ಹುಳುಕೂ ಇದೆ. ಹಕ್ಕುಪತ್ರ ಹೆಚ್ಚಾಗಿ ಗಂಡಸರ ಹೆಸರಲ್ಲಿ, ಹಾಗಾಗಿ ಗುತ್ತಿಗೆ ಹಣವೂ ಅವರಿಗೇ. ಹಂಚಿಕೆಯಲ್ಲಿ ಜಮೀನು ಸಿಗದವರಿಗೆ ಏನೂ ಇಲ್ಲ, ಮೇಲಾಗಿ ದನ ಮೇಯಿಸುವ ಜಾಗವೂ ಹೋಯಿತು. 2020ರಲ್ಲಿ ಕೋವಿಡ್ ಬಂದು ವಿಮಾನ ನಿಂತಾಗ ಕೆಲವು ಕಡೆ ಗುತ್ತಿಗೆ ಹಣ ಕಡಿತವಾಯಿತು. ಪ್ರಪಂಚದ ಇನ್ನೊಂದು ಮೂಲೆಯ ಪ್ರವಾಸಿಗರನ್ನೇ ನಂಬಿದ ಆದಾಯ ಎಷ್ಟು ಬೇಗ ಬತ್ತಿಹೋಗುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಉತ್ತರದ ಲೈಕಿಪಿಯಾದಲ್ಲಿರುವ ಓಲ್ ಪೆಜೆಟಾ, ಕಪ್ಪು ಘೇಂಡಾಮೃಗಗಳ ದೊಡ್ಡ ನೆಲೆ. ಪ್ರಪಂಚದಲ್ಲಿ ಉಳಿದಿರುವ ಎರಡೇ ಎರಡು ಉತ್ತರದ ಬಿಳಿ ಘೇಂಡಾಮೃಗಗಳಾದ ನಾಜಿನ್, ಫಾತು ಇರುವುದೂ ಅಲ್ಲೇ. ಅವರು ಕಾಡುಪ್ರಾಣಿಯ ಜೊತೆ ದನವನ್ನೂ ಸಾಕುತ್ತಾರೆ. ಎರಡು ಕಡೆಯಿಂದ ಆದಾಯ ಇಟ್ಟುಕೊಳ್ಳುವ ಈ ದಾರಿ ನನಗೆ ಹೆಚ್ಚು ಗಟ್ಟಿ ಅನಿಸುತ್ತದೆ. ಲೈಕಿಪಿಯಾದಲ್ಲೂ ಹಳೆಯ ಗಾಯ ಇದೆ. 1911ರಲ್ಲಿ ಬ್ರಿಟಿಷರು ಮಸಾಯಿಗಳನ್ನು ಅಲ್ಲಿಂದ ಎಬ್ಬಿಸಿದ್ದರು. 2017ರ ಬರದಲ್ಲಿ ದನಗಾಹಿಗಳು ಹಿಂಡು ಹಿಂಡಾಗಿ ಖಾಸಗಿ ರ‍್ಯಾಂಚ್‌ಗಳಿಗೆ ನುಗ್ಗಿದರು, ಜೀವಗಳೂ ಹೋದವು.

ಸಕಲೇಶಪುರದ ಮಾತಿಗೆ ಬರುತ್ತೇನೆ. ನಿಮ್ಮ ನೋವು ನ್ಯಾಯವಾದದ್ದು. 1972ರ ವನ್ಯಜೀವಿ ಕಾಯ್ದೆಯಡಿ ನೀವು ಆನೆಯನ್ನು ಮುಟ್ಟುವ ಹಾಗಿಲ್ಲ, ಅದರಿಂದ ಆದಾಯವೂ ಇಲ್ಲ. ಗಿಡ ಮುರಿದರೆ ಅರ್ಜಿ ಹಾಕಿ ಪರಿಹಾರಕ್ಕೆ ಕಾಯಬೇಕು. ಕೀನ್ಯಾದ ಮಸಾಯಿ 2005ಕ್ಕೆ ಮುಂಚೆ ಇದ್ದ ಜಾಗದಲ್ಲೇ ನೀವು ಇವತ್ತು ಇದ್ದೀರಿ. ಆದರೆ ದಕ್ಷಿಣ ಆಫ್ರಿಕಾದ ದಾರಿ ನಮಗೆ ಆಗುವುದಿಲ್ಲ. ಅಲ್ಲಿ ಒಬ್ಬರ ಹೆಸರಲ್ಲಿ ಸಾವಿರಾರು ಎಕರೆ ಇದೆ, ಜನ ಕಡಿಮೆ, ಬೇಲಿ ಹಾಕಬಹುದು. ಹಾಸನ, ಕೊಡಗಿನಲ್ಲಿ ಸಣ್ಣ ಸಣ್ಣ ತೋಟ, ಗದ್ದೆ, ಊರು, ರಸ್ತೆ ಎಲ್ಲ ಬೆರೆತಿವೆ. ಆನೆ ಒಂದು ರಾತ್ರಿಯಲ್ಲಿ ಎಷ್ಟೋ ಜನರ ತೋಟ ದಾಟುತ್ತದೆ. ಯಾರ ಬೇಲಿಯೊಳಗೆ ಅಂತ ಹಾಕುತ್ತೀರಿ? ಒಬ್ಬರು ಬೇಲಿ ಹಾಕಿದರೆ ಆನೆ ಪಕ್ಕದವರ ತೋಟಕ್ಕೆ ಹೋಗುತ್ತದೆ, ಅಷ್ಟೆ. ಬೇಟೆ, ಮಾರಾಟದ ಮಾತಂತೂ ನಮ್ಮಲ್ಲಿ ಬೇಡವೇ ಬೇಡ. ನಮಗೆ ಹತ್ತಿರ ಇರುವುದು ಮಾರಾದ ಗುತ್ತಿಗೆ ಕ್ರಮ. ಆನೆ ಓಡಾಡುವ ದಾರಿಯಲ್ಲಿ ಜಮೀನಿರುವವರು ಒಟ್ಟಾಗಿ, ಆ ದಾರಿಯನ್ನು ಖಾಲಿ ಬಿಟ್ಟಿದ್ದಕ್ಕೆ ಎಕರೆಗೆ ಇಷ್ಟು ಅಂತ ಪ್ರತಿ ವರ್ಷ ಖಾತೆಗೆ ಹಣ ಬರಬೇಕು. ನಷ್ಟವಾದ ಮೇಲೆ ಕೊಡುವ ಪರಿಹಾರ ಅಲ್ಲ, ಆನೆಗೆ ಜಾಗ ಕೊಟ್ಟಿದ್ದಕ್ಕೆ ಬಾಡಿಗೆ. ಕಾಫಿ ಬೆಲೆ ಚೆನ್ನಾಗಿರುವಾಗ ಆ ಬಾಡಿಗೆಯೂ ಚೆನ್ನಾಗೇ ಇರಬೇಕಾಗುತ್ತದೆ, ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ. ಬರೀ ಹೋಮ್‌ಸ್ಟೇ ಆದಾಯದಿಂದ ಇದು ಹುಟ್ಟುವುದಿಲ್ಲ. ಸರ್ಕಾರ, ಕಂಪನಿಗಳ ಸಾಮಾಜಿಕ ನಿಧಿ, ಕಾಫಿ ಕೊಳ್ಳುವವರು ಎಲ್ಲರೂ ಕೈ ಹಾಕಬೇಕು.

ಕೊನೆಗೆ ನಿಮ್ಮ ಪ್ರವಾಸ. ದುಡ್ಡು ಹೊಂದಿಸಲು ಆಗುವುದಾದರೆ ಕನ್ಸರ್ವೆನ್ಸಿಯಲ್ಲೇ ಉಳಿಯಿರಿ. ಅಲ್ಲಿ ಗಾಡಿಗಳ ಸಂಖ್ಯೆಗೆ ಮಿತಿ ಇದೆ, ರಾತ್ರಿ ಸಫಾರಿ ಇದೆ, ಗೈಡ್ ಜೊತೆ ನಡೆದು ಹೋಗಲೂಬಹುದು. ಫೋಟೋಗೆ ಒಳ್ಳೆಯದು. ಆದರೆ ವಿಲ್ಡೆಬೀಸ್ಟ್ ಹಿಂಡು ಮಾರಾ ನದಿ ದಾಟುವುದನ್ನು ನೋಡಬೇಕೆಂದರೆ ಸರ್ಕಾರಿ ಮೀಸಲಿನೊಳಗೇ ಹೋಗಬೇಕು. ಅದರ ಪ್ರವೇಶ ಶುಲ್ಕ ಬೇರೆ. ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ದಿನಕ್ಕೆ 200 ಡಾಲರ್ ಮಾಡಿದ್ದಾರೆ. ಅದು ಪ್ಯಾಕೇಜ್‌ನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಹೆಸರು ನೋಡಿ ಮೋಸ ಹೋಗಬೇಡಿ. 'ಮಾರಾ ಕನ್ಸರ್ವೆನ್ಸಿ' ಅನ್ನುವ ಸಂಸ್ಥೆ ನೋಡಿಕೊಳ್ಳುವುದು ಸರ್ಕಾರಿ ಮೀಸಲಿನ ಪಶ್ಚಿಮ ಭಾಗವಾದ ಮಾರಾ ಟ್ರಯಾಂಗಲ್ ಅನ್ನು, ಖಾಸಗಿ ಜಮೀನನ್ನಲ್ಲ. ಮೀಸಲಿನ ಗೇಟಿನ ಹೊರಗಿನ ಕೆಲವು ಲಾಡ್ಜ್‌ಗಳೂ ಸುಮ್ನೆ ಹೆಸರಿಗೆ ಆ ಪದ ಸೇರಿಸಿಕೊಂಡಿರುತ್ತವೆ.

ಬುಕ್ ಮಾಡುವ ಮುಂಚೆ ಕ್ಯಾಂಪ್‌ಗೆ ನೇರವಾಗಿ ಒಂದು ಮೇಲ್ ಹಾಕಿ. ಯಾವ ಕನ್ಸರ್ವೆನ್ಸಿ, ಎಷ್ಟು ಜಮೀನುದಾರರು, ನಮ್ಮ ಒಂದು ರಾತ್ರಿಯ ದುಡ್ಡಲ್ಲಿ ಕನ್ಸರ್ವೆನ್ಸಿ ಶುಲ್ಕ ಎಷ್ಟು, ಅದರಲ್ಲಿ ಜಮೀನುದಾರರಿಗೆ ಎಷ್ಟು, ಕೋವಿಡ್ ಕಾಲದಲ್ಲಿ ಗುತ್ತಿಗೆ ಹಣ ಕೊಟ್ಟಿರಾ ಅಂತ ಕೇಳಿ. ನಿಜವಾಗಿ ಕೊಡುತ್ತಿರುವವರು ಲೆಕ್ಕ ಸಮೇತ ಉತ್ತರ ಬರೆಯುತ್ತಾರೆ. ಸಿಂಹದ ಫೋಟೋ ಮಾತ್ರ ಕಳಿಸಿದರೆ ನಿಮ್ಮ ದುಡ್ಡಿಗೆ ಬೇರೆ ಕ್ಯಾಂಪ್ ಹುಡುಕಿ.